ಕೆಳಗಿನ ನೀರು

"ಕೆಳಗ ಹೋಗಲೇ, ಬೋಳೀಮಗನ! ನನ್ನ ನೀರಿನ ಮ್ಯಾಲ ನಿಂತೀಯಲ್ಲೋ!"

ಘೋಡಗೇರಿಯ ಗೌಡ ಗುರುಲಿಂಗಪ್ಪ ವೆಂಗುರ್ಲೆಯ ಸಮುದ್ರದಲ್ಲಿ ಸೊಂಟದವರೆಗೆ ನಿಂತು ಕೂಗಿದ. ಮೈತುಂಬ ಇಸಬು. ಇಪ್ಪತ್ತೊಂದು ದಿನ ಉಪ್ಪುನೀರಿನಲ್ಲಿ ಮುಳುಗಲು ವೈದ್ಯ ಹೇಳಿದ್ದ. ಘಟ್ಟ ಇಳಿದು ಗಾಡಿಯ ಹಿಂದೆ ನಡೆದೇ ಬಂದಿದ್ದ ಹೊಲಗೇರಿಯ ಉದ್ದಪ್ಪ ಪಕ್ಕದಲ್ಲೇ ನೀರಿಗಿಳಿದು ಎತ್ತುಗಳ ಮೈ ತೊಳೆಯುತ್ತಿದ್ದ.

ಊರ ಹೊಳೆಯಲ್ಲಿ ಇದು ಸುಲಭ. ಎಲ್ಲಕ್ಕಿಂತ ಮೇಲೆ ಗೌಡರ ಮೆಟ್ಟಿಲು, ಆಮೇಲೆ ಊರವರದು, ಆಮೇಲೆ ದನಗಳದು, ಕೊನೆಗೆ ಕೇರಿಯವರದು. ಉದ್ದಪ್ಪನ ಹೆಂಡತಿ ಕರೆವ್ವ ಕೊಡ ತುಂಬುವುದು ಅಲ್ಲಿಯೇ. ಆ ನೀರು ಕುಡಿದು ಎರಡು ಮಕ್ಕಳು ವಾಂತಿಭೇದಿಯಲ್ಲಿ ಸತ್ತಿದ್ದವು. ಮೂರನೆಯದು ಹೊಟ್ಟೆಯಲ್ಲಿತ್ತು.

ಉದ್ದಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ.

"ಕೆಳಗ ಅಂದ್ರ ಯಾ ಕಡೆರಿ, ಯಪ್ಪಾ?"

ಗೌಡನೂ ನೋಡಿದ. ಎಡಕ್ಕೆ ಕೈ ತೋರಿಸಿದ. ಉದ್ದಪ್ಪ ಹೋದ. ಅಲೆ ಅವನನ್ನು ತೊಳೆದು ಬಂದು ಗೌಡನ ಬಾಯಿಗೆ ಹೊಕ್ಕಿತು. ಗೌಡ ಉಗುಳಿ ಬಲಕ್ಕೆ ತೋರಿಸಿದ. ಅಲ್ಲಿಂದಲೂ ಬಂತು. ದಂಡೆಗೆ ಕರೆದು ಬಾರುಕೋಲಿನಿಂದ ನಾಲ್ಕು ಬಾರಿಸಿದ.

ಮರಳಲ್ಲಿ ಬಂಗಡೆ ಒಣಹಾಕುತ್ತಿದ್ದ ಮೀನುಗಾರ ಮುದುಕಿ ನಕ್ಕಳು. ಇದು ಯಾವ ಕಡೆ ಹರಿಯುತ್ತದೆ ಎಂದು ಉದ್ದಪ್ಪ ಹರಕು ಮರಾಠಿಯಲ್ಲಿ ಕೇಳಿದ.

"ಆ ಕಡೆ ಮಾಲವಣ, ರತ್ನಾಗಿರಿ, ಮುಂಬೈ. ಈ ಕಡೆ ಗೋವೆ, ಕಾರವಾರ. ಅದರಾಚೆಯದು ನನ್ನ ಗಂಡನಿಗೆ ಗೊತ್ತಿತ್ತು, ಅವನು ತಿರುಗಿ ಬರಲಿಲ್ಲ," ಎಂದಳು ಮುದುಕಿ. "ಎಲ್ಲಿಗೂ ಹರಿಯುವುದಿಲ್ಲ. ಬರುತ್ತದೆ, ಹೋಗುತ್ತದೆ. ಎಲ್ಲರೂ ಅದರಲ್ಲೇ ಉಚ್ಚೆ ಹೊಯ್ಯುತ್ತಾರೆ."

ಇಪ್ಪತ್ತೊಂದು ದಿನ ಗೌಡ ಸಮುದ್ರದ ಕೆಳಗಿನ ಬದಿ ಹುಡುಕಿದ. ಸಿಗಲಿಲ್ಲ. ಇಸಬೂ ಹೋಗಲಿಲ್ಲ.

ಊರಿಗೆ ಮರಳಿದ ಮರುದಿನ ಮುಂಜಾನೆ ಉದ್ದಪ್ಪ ಕರೆವ್ವನನ್ನು ಕರೆದುಕೊಂಡು ದನಗಳ ಜಾಗ ದಾಟಿದ, ಗೌಡರ ಮೆಟ್ಟಿಲನ್ನೂ ದಾಟಿ ಮೇಲೆ ಹೋಗಿ ನೀರಿಗಿಳಿದ.

"ಬ್ಯಾಡೋ, ಕೊಂದ ಹಾಕ್ತಾರ."

"ತುಂಬು."

ಕೆಳಗೆ ಗೌಡ ಮೈಗೆಲ್ಲ ಸೀಗೆಪುಡಿ ಹಚ್ಚಿಕೊಂಡು ನಿಂತಿದ್ದ.

"ಏ ಹಾಟ್ಯಾನಮಗನ! ಮ್ಯಾಲ ಯಾಕ ನಿಂತೀಲೇ?"

"ನನ್ನ ಮೈ ತೊಳದ ನೀರಾಗ ಇಪ್ಪತ್ತೊಂದ ದಿನ ಮುಳಗೀರಲ್ರಿ, ಗೌಡ್ರ. ಇವತ್ತೊಂದ ದಿನ ಮುಳಗ್ರಿ."

ಗೌಡನ ಆಳುಗಳು ಬಡಿಗೆ ಹಿಡಿದು ಓಡಿ ಬಂದರು. ನೀರಿನ ಅಂಚಿನಲ್ಲಿ ನಿಂತುಬಿಟ್ಟರು. ಹೊಡೆಯಬೇಕೆಂದರೆ ಅವನ ನೀರಿಗೆ ಇಳಿಯಬೇಕಿತ್ತು. ಒಬ್ಬ ಬಡಿಗೆ ಕೆಳಗಿಟ್ಟು ಕಲ್ಲು ಆರಿಸತೊಡಗಿದ.

ಉದ್ದಪ್ಪ ಕೊಡ ಎತ್ತಿ ಕರೆವ್ವನ ತಲೆಯ ಮೇಲಿಟ್ಟ. ಆಮೇಲೆ ನೀರಲ್ಲಿ ಕೂತು ಕಾಲು ತಿಕ್ಕತೊಡಗಿದ.

ಮೊದಲ ಕಲ್ಲು ಬಿದ್ದ ಸಪ್ಪಳವಾಯಿತು. ಕೇರಿಯ ಕಡೆ ನಡೆದಿದ್ದ ಕರೆವ್ವ ತಿರುಗಿ ನೋಡಲಿಲ್ಲ. ನೋಡಿದ್ದರೆ ಕೊಡ ತುಳುಕುತ್ತಿತ್ತು.