ಮುನ್ನೂರು ಕ್ಯಾಸೆಟ್ಟು

"ಕೈ ಸಡಿಲ ಬಿಡೋ, ಎಷ್ಟು ಹಟ ನಿಂದು!" ಎಂದು ಗದರುತ್ತ ದೊಡ್ಡಕ್ಕ ತಮ್ಮನ ತೋಳನ್ನು ಕೋಟಿನೊಳಗೆ ತೂರಿಸುತ್ತಿದ್ದಳು. ತಮ್ಮ ಸಡಿಲ ಬಿಡಲಿಲ್ಲ. ಹಿಂದಿನ ದಿನ ಮಧ್ಯಾಹ್ನವೇ ತೀರಿಹೋಗಿದ್ದ. ಬದುಕಿದ್ದಾಗಲೂ ಹೇಳಿದ್ದನ್ನು ಒಂದೇ ಸಲಕ್ಕೆ ಕೇಳಿದವನಲ್ಲವಾದ್ದರಿಂದ ಅವಳಿಗೆ ಅದು ಹೊಸದೇನೂ ಅನ್ನಿಸಲಿಲ್ಲ.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಮೂಗು ಒರೆಸಿಕೊಂಡಳು. "ಅತ್ತಿಗೆ, ಫೋನ್ ಬಂದಿತ್ತು. ಅವನು ಬರ್ತಿದ್ದಾನಂತೆ."

"ಯಾರು?"

"ಆ ಹಾಡುಗಾರ. ಹನ್ನೊಂದರ ಬಸ್ಸಿಗೆ."

ದೊಡ್ಡಕ್ಕ ಕುರ್ಚಿ ಹುಡುಕಿ ಕುಳಿತಳು. ಹತ್ತು ದಿನದ ಹಿಂದೆ ಇದೇ ಕೋಣೆಯಲ್ಲಿ ತಮ್ಮ ಅವಳ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದ. "ಅಕ್ಕ, ನಾನು ಹೋದ ಮೇಲೆ ಅವನು ಬಂದರೂ ಬಂದಾನು. ಮುನ್ನೂರನ್ನೂ ನಾನೊಬ್ಬನೇ ಕೊಂಡದ್ದು ಅಂತ ಅವನಿಗೆ ಗೊತ್ತಾಗಬಾರದು. ನೀನು ಬಾಯಿಬಿಟ್ಟರೆ ಕೆಟ್ಟೆ."

ಎರಡು ಹೊತ್ತೂ ಪ್ರಾರ್ಥನೆ ತಪ್ಪಿಸದ ದೊಡ್ಡಕ್ಕ ಎಪ್ಪತ್ತೆರಡು ವರ್ಷದಲ್ಲಿ ಒಂದೂ ಸುಳ್ಳು ಆಡಿದವಳಲ್ಲ. ಬೇಡದ ನೆಂಟರು ಬಂದರೆ 'ಬಂದದ್ದು ಸಂತೋಷ' ಎಂದು ಕೂಡ ಹೇಳುತ್ತಿರಲಿಲ್ಲ. 'ಬಂದಿರಾ' ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದಳು. ಆದರೂ ಸಾಯುತ್ತಿದ್ದ ತಮ್ಮನಿಗೆ ಹೂಂ ಅಂದುಬಿಟ್ಟಿದ್ದಳು.

*

ತಮ್ಮನದು ಕನ್ನಡಕದ ಅಂಗಡಿ. ಮೂವತ್ತು ವರ್ಷದ ಹಿಂದೆ, ಫ್ರೇಮು ಮಾರಲು ಬಂದ ಏಜೆಂಟನೊಬ್ಬ ಒಂದು ಕ್ಯಾಸೆಟ್ಟು ಮರೆತು ಹೋದ. ನಾಲ್ಕು ಹುಡುಗರು ಯಾವ ಕಂಪನಿಯ ಹಂಗೂ ಇಲ್ಲದೆ, ಯಾರದೋ ಕಾರಿನ ಶೆಡ್ಡಿನಲ್ಲಿ ತಾವೇ ರೆಕಾರ್ಡು ಮಾಡಿಕೊಂಡಿದ್ದ ರಾಕ್ ಸಂಗೀತ. ಅವರ ಮೊದಲ ಆಲ್ಬಮ್. ತಮ್ಮ ಅದನ್ನು ಹಾಕಿ ಕೇಳಿದ. ಅಂದು ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

"ಅಕ್ಕ, ಏಳನೇ ಹಾಡು ಕೇಳು. ಯಾರೋ ಕತ್ತಲಲ್ಲಿ ಕೂತು ನನ್ನನ್ನೇ ಕರೆದ ಹಾಗಿದೆ."

ಕೇಳಿದಾಗ ದೊಡ್ಡಕ್ಕನಿಗೆ, ಮಹಡಿಯ ಮೆಟ್ಟಿಲ ಮೇಲಿಂದ ತಗಡಿನ ಪೆಟ್ಟಿಗೆಯನ್ನು ಯಾರೋ ಎಳೆದು ತಂದ ಹಾಗಿತ್ತು. ಹಾಗೆಂದೇ ಹೇಳಿದಳು.

ಅವನು ಸೋಲಲಿಲ್ಲ. ಅಂಗಡಿಯಲ್ಲಿ ಮಾರಲಿಕ್ಕೆಂದು ಬರೆದು ಅಂಚೆಯಲ್ಲಿ ಇಪ್ಪತ್ತು ತರಿಸಿದ, ಆಮೇಲೆ ಐವತ್ತು, ಆಮೇಲೆ ಇನ್ನಷ್ಟು. ಕನ್ನಡಕ ಮಾಡಿಸಿದವರಿಗೆಲ್ಲ ಒಂದೊಂದು ಬಿಟ್ಟಿ. ಕಣ್ಣು ಪರೀಕ್ಷೆಯ ಆ ಭಾರದ ಫ್ರೇಮನ್ನು ಗಿರಾಕಿಯ ಮೂಗಿಗೇರಿಸಿ, ಗಾಜು ಬದಲಿಸುವ ನೆಪದಲ್ಲಿ ಹಾಡು ಹಾಕುತ್ತಿದ್ದ. ಫ್ರೇಮು ಹೊತ್ತವರು ಎದ್ದು ಓಡುವಂತಿಲ್ಲ. "ಕೆಳಗಿನ ಸಾಲು ಕಾಣ್ತಾ?" ಎಂದರೆ, ಕಾಣದವರೂ "ಕಾಣ್ತು, ಕಾಣ್ತು, ಬಿಡಣ್ಣ" ಎಂದು ಗೋಗರೆಯುತ್ತಿದ್ದರು. ಊರಿನ ಅರ್ಧ ಜನ ಆ ವರ್ಷ ತಪ್ಪು ನಂಬರಿನ ಕನ್ನಡಕ ಹಾಕಿಕೊಂಡು ಎಡವುತ್ತ ಓಡಾಡಿದ್ದು ಹೀಗೆ.

ಅಲ್ಲಿ ಆ ನಾಲ್ವರು ಹುಡುಗರಿಗೆ ಕಂಡದ್ದು ಬೇರೆ. ದೊಡ್ಡ ನಗರದಲ್ಲಿ ಮಾರಾಟವಾದದ್ದು ನಲವತ್ತು. ಈ ಸಣ್ಣ ಊರಲ್ಲಿ ಮುನ್ನೂರು! ನಮ್ಮ ಜನ ಅಲ್ಲಿದ್ದಾರೆ ಎಂದು ವ್ಯಾನು ಹತ್ತಿ ಬಂದೇಬಿಟ್ಟರು. ಮನೆಮನೆಗೂ ಓಡಿದ ತಮ್ಮ, ಕಾಲು ಹಿಡಿದು, ಸಭಾಂಗಣಕ್ಕೆ ಅರವತ್ತು ಜನರನ್ನು ತುಂಬಿಸಿದ. ಉಳಿದವರಿಗೆ ಜ್ವರ ಎಂದ. ಇನ್ನೂರ ನಲವತ್ತು ಜನಕ್ಕೆ ಒಮ್ಮೆಗೇ ಜ್ವರ ಬರುವುದುಂಟೆ ಎಂದು ಹಾಡುಗಾರ ಕೇಳಲಿಲ್ಲ. ಏಳನೆಯ ಹಾಡಿಗೆ ಮುಂದಿನ ಸಾಲಿನಲ್ಲಿ ಒಬ್ಬ ಕನ್ನಡಕದವನು ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಿ ಅವನೂ ಅತ್ತುಬಿಟ್ಟಿದ್ದ.

ವರ್ಷ ತಿರುಗುವುದರೊಳಗೆ ಬ್ಯಾಂಡು ಒಡೆಯಿತು. ಎರಡನೆಯ ಆಲ್ಬಮ್ ಬರಲೇ ಇಲ್ಲ. ಹಾಡುಗಾರ ಕಾರು ಕಲಿಸುವ ಕೆಲಸ ಹಿಡಿದ. ಆದರೆ ವರ್ಷಕ್ಕೊಂದು ಕಾಗದ ತಪ್ಪದೆ ಬರುತ್ತಿತ್ತು: "ನಿಮ್ಮೂರಿನ ಮುನ್ನೂರು ಜನರನ್ನು ನೆನೆದರೆ, ನಾನು ಹಾಡಿದ್ದು ದಂಡವಾಗಲಿಲ್ಲ ಅನ್ನಿಸುತ್ತದೆ."

*

ಮಣ್ಣು ಮಾಡಿ ಬಂದವರೆಲ್ಲ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನಡುವೆ ಹಾಡುಗಾರ; ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು. ವಿಷಯವೆಲ್ಲ ಬಲ್ಲ ಊರಿನವರು ಅವನನ್ನು ಸುತ್ತುವರಿದು ಕಾವಲು ಕಾಯುತ್ತಿದ್ದರು.

"ನಿಮಗೆ ಯಾವ ಹಾಡು ಇಷ್ಟ?" ಎಂದು ಅವನು ಬೇಕರಿಯವನನ್ನು ಕೇಳಿದ.

"ಮೊದಲನೇದು, ಸಾರ್."

"ನನಗೆ ಕೊನೇದು," ಎಂದ ನಿವೃತ್ತ ಅಂಚೆಯವನು, ಕೇಳುವ ಮೊದಲೇ.

"ಕೊನೇದರಲ್ಲಿ ಹಾಡೇ ಇಲ್ವಲ್ಲ. ಬರೀ ಡ್ರಮ್ಮು."

"ಅದೇ ಸಾರ್! ಬಾಯಿ ಬಿಡದೆ ಎಷ್ಟೊಂದು ಹೇಳಿಬಿಟ್ರಿ!"

ಬೇಕರಿಯವನು ಅಂಚೆಯವನ ಕಾಲು ತುಳಿದ. ದೊಡ್ಡಕ್ಕ ಒಳಗೊಳಗೇ ದೇವರನ್ನು ಕರೆದಳು. ಹಾಡುಗಾರ ಅವಳತ್ತಲೇ ತಿರುಗಿದ.

"ಅಮ್ಮಾ, ನೀವು ಹೇಳಿ. ಇಷ್ಟು ಸಣ್ಣ ಊರು. ನಿಜವಾಗ್ಲೂ ಮುನ್ನೂರು ಜನಾನಾ?"

"ಮುನ್ನೂರು ಕ್ಯಾಸೆಟ್ಟೂ ಈ ಊರಿನ ಮನೆಗಳಿಗೇ ಹೋಗಿವೆಯಪ್ಪ." ಅದು ನಿಜ.

"ನೀವೂ ಕೇಳಿದ್ರಾ?"

"ಅವನ ಅಂಗಡಿ ಮೇಲೇ ನನ್ನ ಮನೆ. ಕೇಳದೆ ಎಲ್ಲಿಗೆ ಹೋಗ್ಲಿ?" ಅದೂ ನಿಜ.

"ಚೆನ್ನಾಗಿತ್ತಾ ಅಮ್ಮ?"

ದೊಡ್ಡಕ್ಕನಿಗೆ ತಗಡಿನ ಪೆಟ್ಟಿಗೆ ಕೇಳಿಸಿತು. ಅದರ ಹಿಂದೆಯೇ, ಆ ಗದ್ದಲಕ್ಕೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ ತಮ್ಮನ ಮುಖ ಕಂಡಿತು.

"ಚೆನ್ನಾಗಿತ್ತು," ಎಂದಳು. "ಏಳನೇದು ಬಹಳ ಚೆನ್ನಾಗಿತ್ತು."

ಹೇಳಿ, ಆಕಾಶವನ್ನು ನೋಡಿದಳು. ಅಲ್ಲಿಂದ ಏನೂ ಬೀಳಲಿಲ್ಲ.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಬೇಕರಿಯವನಿಗೆ ಹುರುಪು ಏರಿತ್ತು. "ಸಾರ್, ಒಂದು ಸಹಿ ಹಾಕಿಕೊಡಿ! ಇರಿ, ಕ್ಯಾಸೆಟ್ಟು ತರ್ತೀನಿ!" ಎಂದು ಓಡಿದ. ಅವನ ಹಿಂದೆ ಅಂಚೆಯವನು, ಅವನ ಹಿಂದೆ ಬೀದಿಯೇ ಓಡಿತು. ಮಂಚದಡಿಯಿಂದ, ಅಟ್ಟದಿಂದ, ಅಲುಗಾಡುವ ಮೇಜಿನ ಕಾಲಿನ ಕೆಳಗಿಂದ ಕ್ಯಾಸೆಟ್ಟು ಹುಡುಕಿ ತಂದು, ಧೂಳು ಒರೆಸಿ, ಸಾಲುಗಟ್ಟಿ ನಿಂತರು.

ಹಾಡುಗಾರ ಪೆನ್ನು ತೆಗೆದು ಮೊದಲನೆಯದನ್ನು ಕೈಗೆ ತೆಗೆದುಕೊಂಡ. ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಬಿಚ್ಚಿರಲಿಲ್ಲ. ಎರಡನೆಯದನ್ನು ನೋಡಿದ. ಮೂರನೆಯದನ್ನು ನೋಡಿದ. ಸಾಲಿನ ಕೊನೆಯವರೆಗೂ ಕಣ್ಣು ಹಾಯಿಸಿದ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಬೇಕರಿಯವನ ನಗು ಮುಖದ ಮೇಲೇ ಒಣಗಿತು.

ಹಾಡುಗಾರ ದೊಡ್ಡಕ್ಕನನ್ನು ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ಏಳನೇದಕ್ಕೆ ಮುಂದಿನ ಸಾಲಲ್ಲಿ ಅತ್ತದ್ದು..." ಎಂದು ಅವನು ಮೆಲ್ಲಗೆ ಕೇಳಿದ.

"ಅದರಲ್ಲಿ ಸುಳ್ಳಿಲ್ಲಪ್ಪ," ಎಂದಳು ದೊಡ್ಡಕ್ಕ.

ಅವನು ಕ್ಯಾಸೆಟ್ಟನ್ನು ತೊಡೆಯ ಮೇಲಿಟ್ಟು, ಹೊದಿಕೆಯ ಮೇಲೆಯೇ ಸಹಿ ಹಾಕಿದ. ಶಾಯಿ ಹಿಡಿಯಲಿಲ್ಲ, ಜಾರಿತು. ಮತ್ತೆ ಬರೆದ. ದೊಡ್ಡಕ್ಕ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. ಅವನು ಒಂದೊಂದಾಗಿ ಬರೆದು ಕೊಟ್ಟ ಹಾಗೆಲ್ಲ, ಅಂಗೈಯಲ್ಲಿ ಹಿಡಿದು, ಬಿದ್ದ ಮಗುವಿನ ಮಂಡಿಗೆ ಊದುವಂತೆ ಶಾಯಿಯ ಮೇಲೆ ಮೆಲ್ಲಗೆ ಊದತೊಡಗಿದಳು.