ಒಂದೂ ಥ್ಯಾಂಕ್ಸ್ ಬೀಳದ ಮಂಗಳವಾರ

ಆಸ್ಟ್ರೇಲಿಯಾದ ಹೋಬಾರ್ಟಿನಲ್ಲಿ ಬಸ್ಸಿಳಿಯುವವರು ಡ್ರೈವರಿಗೆ ಥ್ಯಾಂಕ್ಸ್ ಹೇಳದೆ ಇಳಿಯುವುದಿಲ್ಲ. ಮಳೆ ಸುರಿಯುತ್ತಿರಲಿ, ಎರಡೂ ಕೈಯಲ್ಲಿ ಸಾಮಾನಿರಲಿ, ಗಂಡನ ಜೊತೆ ಜಗಳ ಅರ್ಧಕ್ಕೆ ನಿಂತಿರಲಿ, ಮೆಟ್ಟಿಲ ಮೇಲೆ ಆ ಒಂದು ಮಾತು ಉದುರಿಸಿಯೇ ಕಾಲು ಕೆಳಗಿಡುತ್ತಾರೆ. ಹನ್ನೊಂದು ವರ್ಷದಿಂದ ಫರ್ನ್ ಟ್ರೀ ಬೆಟ್ಟದ ಬಸ್ಸು ಓಡಿಸುತ್ತಿದ್ದ ರೇಲೀನಳಿಗೆ ಅದು ಬಾಗಿಲು ಮುಚ್ಚಿಕೊಳ್ಳುವ ಸದ್ದಿನಂತೆ. ಕಿವಿಗೆ ಬೀಳುತ್ತಿತ್ತು, ಬಿದ್ದದ್ದು ತಿಳಿಯುತ್ತಿರಲಿಲ್ಲ.

ಎರಡು ವಾರದಿಂದ ಮಾತ್ರ ಒಂದೊಂದು ಥ್ಯಾಂಕ್ಸೂ ಮೈಯೆಲ್ಲ ಉರಿಸುತ್ತಿತ್ತು. ಅದಕ್ಕೆ ಕಾರಣ ಇಮೊಜೆನ್.

ಇಮೊಜೆನ್ ವಿಶ್ವವಿದ್ಯಾಲಯದವಳು. ಮನುಷ್ಯರ ಖುಷಿಯ ಬಗ್ಗೆ ಸಂಶೋಧನೆ ಮಾಡುತ್ತಿದ್ದಳು. ಸಣ್ಣಪುಟ್ಟ ಒಳ್ಳೆಯ ಮಾತು ಆಡಿದವರ ಮನಸ್ಸು ಎಷ್ಟು ಹಗುರಾಗುತ್ತದೆ ಎಂದು ಅಳೆಯುವುದು ಅವಳ ಕೆಲಸ. ಅದಕ್ಕಾಗಿ ಹಳದಿ ಮಳೆಯಂಗಿ ತೊಟ್ಟು ಬಸ್ಸಿನ ಮುಂಬಾಗಿಲ ಪಕ್ಕ ನಿಂತುಕೊಂಡು, ಥ್ಯಾಂಕ್ಸ್ ಎಂದವರನ್ನೆಲ್ಲ ಮೆಟ್ಟಿಲ ಮೇಲೇ ತಡೆದು ಮೂರು ಪ್ರಶ್ನೆ ಕೇಳುತ್ತಿದ್ದಳು. ಹೇಳುವ ಮುಂಚೆ ಹತ್ತಕ್ಕೆ ಎಷ್ಟು ಖುಷಿಯಿತ್ತು? ಹೇಳಿದ ಮೇಲೆ ಎಷ್ಟು? ಡ್ರೈವರಿಗೆ ಎಷ್ಟು ಖುಷಿಯಾಗಿರಬಹುದು? ಥ್ಯಾಂಕ್ಸ್ ಹೇಳದೆ ಇಳಿದವರನ್ನು ಏನೂ ಕೇಳುವ ಹಾಗಿರಲಿಲ್ಲ. ಆದರೆ ಅಂಥವರು ಈ ಊರಿನಲ್ಲಿ ಎಲ್ಲಿಂದ ಸಿಗಬೇಕು?

ಊರಿನ ಜನವೋ, ಮಹಾ ಮರ್ಯಾದಸ್ಥರು. ಕೇಳಿದ್ದಕ್ಕೆ ಒಂದು ಅಂಕಿ ಬಿಸಾಕಿ ಇಳಿದುಹೋಗುವವರಲ್ಲ. "ಆರು ಅನ್ನಿ. ಇಲ್ಲ ತಡೀರಿ, ಬೆಳಿಗ್ಗೆ ಮಗಳು ಫೋನ್ ಮಾಡಿದ್ಲು, ಏಳೇ ಬರ್ಕೊಳ್ಳಿ" ಎಂದು ನಿಂತುಬಿಡುತ್ತಿದ್ದರು. ಹಿಂದೆ ಇಳಿಯುವವರ ಸಾಲು, ಕೆಳಗೆ ಹತ್ತುವವರ ಸಾಲು. ಇಷ್ಟಾದರೂ ಏನೂ ಅನ್ನುವಂತಿರಲಿಲ್ಲ. ಸಹಕರಿಸಬೇಕೆಂದು ಡಿಪೋದಲ್ಲಿ ನೋಟೀಸು ಅಂಟಿಸಿದ್ದರು.

ಬರೀ ತಡವಾಗಿದ್ದರೆ ರೇಲೀನ್ ನುಂಗಿಕೊಳ್ಳುತ್ತಿದ್ದಳೋ ಏನೋ. ಆದರೆ ಬಸ್ಸಿನಲ್ಲಿ ಕ್ಲೆಮ್ ಇದ್ದ.

ಕ್ಲೆಮ್‌ಗೆ ಎಂಬತ್ತಮೂರು. ಅವನ ಹೆಂಡತಿ ಎನಿಡ್ ನದಿಯಾಚೆಯ ವೃದ್ಧರ ಆರೈಕೆ ಮನೆಯಲ್ಲಿದ್ದಳು. ನೆನಪೆಲ್ಲ ಅಳಿಸಿಹೋಗಿ, ಬೇರೆ ಯಾರು ಚಮಚ ಹಿಡಿದು ಬಂದರೂ ಬಾಯಿ ಬಿಗಿದುಕೊಳ್ಳುತ್ತಿದ್ದಳು. ಕ್ಲೆಮ್ ಕೊಟ್ಟರೆ ಮಾತ್ರ ತಿನ್ನುತ್ತಿದ್ದಳು. ದಿನವೂ ಬೇಯಿಸಿದ ಏಪ್ರಿಕಾಟ್ ಹಣ್ಣನ್ನು ಜಾಮಿನ ಬಾಟಲಿಗೆ ಹಾಕಿ, ಬಟ್ಟೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಅವನು ಈ ಬಸ್ಸಿಗೆ ಬರುತ್ತಿದ್ದ. ಪೇಟೆಯಲ್ಲಿ ಇಳಿದು, ಸೇತುವೆ ದಾಟುವ ಹನ್ನೊಂದು ಮೂವತ್ತೆಂಟರ ಬಸ್ಸು ಹಿಡಿದರೆ ಹನ್ನೆರಡರ ಊಟಕ್ಕೆ ಅವಳ ಪಕ್ಕ ಇರುತ್ತಿದ್ದ. ಅದು ತಪ್ಪಿದರೆ ಇನ್ನೊಂದು ಗಂಟೆ ಬಸ್ಸಿಲ್ಲ.

ಹೋದ ವಾರ ಒಂದು ದಿನ ತಪ್ಪಿತ್ತು. ಕ್ಲೆಮ್ ದೂರಲಿಲ್ಲ. ದೂರಿದವಳು ನೋಲಾ. ತರಕಾರಿ ಚೀಲದ ಪುಟ್ಟ ತಳ್ಳುಗಾಡಿ ಎಳೆದುಕೊಂಡು ಬರುವ, ನಾಲಗೆ ಸ್ವಲ್ಪ ಹರಿತವಾದ ಹೆಂಗಸು. "ಅವತ್ತು ಎನಿಡ್ ಒಂದು ತುತ್ತೂ ಮುಟ್ಟಲಿಲ್ಲವಂತೆ. ಗೊತ್ತಾ ನಿಂಗೆ?" ಎಂದು ರೇಲೀನಳ ಕಿವಿಯ ಹತ್ತಿರ ಹೇಳಿ ಹೋಗಿದ್ದಳು. ಆ ರಾತ್ರಿ ರೇಲೀನಳಿಗೂ ಊಟ ಸೇರಿರಲಿಲ್ಲ.

ಈ ಮಂಗಳವಾರ ನಾಲ್ಕನೆಯ ಸ್ಟಾಪಿಗೆ ಬರುವಷ್ಟರಲ್ಲೇ ಆರು ನಿಮಿಷ ತಡವಾಗಿತ್ತು. ಅಲ್ಲಿ ಇಳಿಯುತ್ತಿದ್ದ ಮುದುಕಿಯೊಬ್ಬಳು ಮೂರನೆಯ ಪ್ರಶ್ನೆಗೆ ತಿರುಗಿ ರೇಲೀನಳ ಮುಖವನ್ನೇ ದಿಟ್ಟಿಸಿದಳು.

"ಡ್ರೈವರಿಗಾ? ಪಾಪ, ಮೂರು ಹಾಕಿ. ಮುಖ ನೋಡಿ ಹೆಂಗಿದೆ."

"ಎರಡು ಹಾಕಿ!" ಎಂದಳು ರೇಲೀನ್. "ಇಮೊಜೆನ್, ಒಂದು ಮಾತು. ಇವತ್ತೊಂದಿನ ಬಿಟ್ಬಿಡಿ. ಆ ಅಜ್ಜನಿಗೆ ಸೇತುವೆ ಆಚೆ ಹೋಗೋ ಬಸ್ ಹಿಡೀಬೇಕು."

"ಮಧ್ಯದಲ್ಲಿ ನಿಲ್ಲಿಸಿದ್ರೆ ಇವತ್ತಿನ ಲೆಕ್ಕವೆಲ್ಲ ಹಾಳಾಗುತ್ತೆ, ರೇಲೀನ್. ಆದಷ್ಟು ಬೇಗ ಮುಗಿಸ್ತೀನಿ. ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ."

"ಅರ್ಥ ಆಗೋದು ಬೇಡ ತಾಯಿ. ಪಕ್ಕಕ್ಕೆ ಸರೀರಿ, ಸಾಕು!"

ಮಾತು ಒರಟಾಗಿ ಹೊರಬಿತ್ತು. ಇಡೀ ಬಸ್ಸು ಕೇಳಿಸಿಕೊಂಡಿತು. ಇಮೊಜೆನಳ ಕಿವಿ ಕೆಂಪಾಯಿತು.

ರೇಲೀನ್ ರೇಡಿಯೊ ಎತ್ತಿ, ಮೂವತ್ತೆಂಟರ ಬಸ್ಸನ್ನು ಎರಡೇ ನಿಮಿಷ ನಿಲ್ಲಿಸಲು ಕೇಳಿದಳು. "ಯಾವ ಬಸ್ಸೂ ಇನ್ನೊಂದು ಬಸ್ಸಿಗೆ ಕಾಯಲ್ಲಮ್ಮ, ನಿಯಮ ಗೊತ್ತಲ್ಲ" ಎಂದಿತು ಆ ಕಡೆಯ ದನಿ. ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಕನ್ನಡಿಯಲ್ಲಿ ನೋಡಿದಳು. ಕ್ಲೆಮ್ ಗಡಿಯಾರ ನೋಡಿಕೊಂಡು, ನೋಡಿದ್ದು ಯಾರಿಗೂ ಕಾಣದಿರಲೆಂಬಂತೆ ಅಂಗಿಯ ತೋಳನ್ನು ಕೆಳಗೆಳೆದ. ಅವನ ಹಿಂದಿನ ಸೀಟಿನಲ್ಲಿದ್ದ ನೋಲಾ ಎದ್ದು, ಕಂಬ ಹಿಡಿದುಕೊಂಡು ಹಿಂದಕ್ಕೆ ಹೋಗಿ ಅಲ್ಲಿದ್ದವರಿಗೆ ಏನೋ ಹೇಳುತ್ತಿದ್ದಳು. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲ. ನನ್ನನ್ನೇ ಆಡಿಕೊಳ್ಳುತ್ತಿರಬೇಕು, ಆಡಿಕೊಳ್ಳಲಿ, ಎಂದುಕೊಂಡಳು ರೇಲೀನ್.

ಮುಂದಿನ ಸ್ಟಾಪಿನಲ್ಲಿ ಮೂವರು ಇಳಿದರು. ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲ.

ಅದರ ಮುಂದಿನದರಲ್ಲಿ ಇಬ್ಬರು ಶಾಲೆಯ ಹುಡುಗಿಯರು ತುಟಿ ಕಚ್ಚಿಕೊಂಡು ದಡದಡ ಇಳಿದರು. ಅಂಚೆ ಕಚೇರಿಯ ಎದುರು ಇಳಿಯುವ ಎತ್ತರದ ಮನುಷ್ಯ, ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸದವನು, ಬಾಯಿ ತೆರೆದ, ಗಪ್ಪನೆ ಮುಚ್ಚಿದ, ಏನೋ ಕದ್ದವನ ಹಾಗೆ ತಲೆ ತಗ್ಗಿಸಿ ಓಡಿದ. ಇಮೊಜೆನಳಿಗೆ ಯಾರನ್ನೂ ತಡೆಯಲಾಗಲಿಲ್ಲ. ಬಾಗಿಲು ತೆರೆಯುತ್ತಿತ್ತು, ಮುಚ್ಚುತ್ತಿತ್ತು.

ರೇಲೀನ್ ಒಳಗನ್ನಡಿಯತ್ತ ನೋಡುವುದನ್ನೇ ಬಿಟ್ಟಳು. ಅಷ್ಟು ದೊಡ್ಡ ತಪ್ಪು ಮಾಡಿದೆನೇ? ಇಮೊಜೆನಳನ್ನು ಒಂದು ಮಾತು ಗದರಿದ್ದಕ್ಕೆ ಇವರೆಲ್ಲ ಸೇರಿ ಮುಖ ತಿರುಗಿಸಬೇಕೇ? ಇವರಿಗಾಗಿ ಹಿಮ ಬಿದ್ದು ರಸ್ತೆ ಜಾರುವ ದಿನ ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಬೆಟ್ಟ ಹತ್ತಿಲ್ಲವೇ? ಇಷ್ಟು ವರ್ಷ ಕೇಳಿಸದಿದ್ದ ಮಾತು, ಇಲ್ಲವಾದ ಕೂಡಲೇ ಕಿವಿಯಲ್ಲಿ ಗುಂಯ್ಗುಟ್ಟತೊಡಗಿತು. ಹಾಳಾಗಿ ಹೋಗಲಿ ಎಂದು ಗೊಣಗಿ ಇಳಿಜಾರಿಗೆ ಬಸ್ಸು ಬಿಟ್ಟಳು.

ಪೇಟೆಯ ನಿಲ್ದಾಣಕ್ಕೆ ಬಂದಾಗ ಹನ್ನೊಂದು ಮೂವತ್ತೇಳು. ಸೇತುವೆ ದಾಟುವ ಬಸ್ಸು ದೀಪ ಮಿನುಗಿಸುತ್ತ ಎದುರೇ ನಿಂತಿತ್ತು. ಆಗ ರೇಲೀನಳಿಗೆ ಆಶ್ಚರ್ಯವಾದದ್ದು, ಯಾರೂ ಏಳದೆ ಇದ್ದದ್ದು. ಇಡೀ ಬಸ್ಸು ಕಾಲು ಒಳಗೆಳೆದುಕೊಂಡು ಕೂತಿತ್ತು. ನಡುವಿನ ದಾರಿಯಲ್ಲಿ ಬಾಟಲಿ ಎದೆಗವಚಿಕೊಂಡು ಕ್ಲೆಮ್ ಒಬ್ಬನೇ ಬಂದ. ಅವನೂ ಮಾತಾಡಲಿಲ್ಲ. ತುಟಿ ಬಿಗಿಹಿಡಿದು, ಅವಳ ಭುಜದ ಮೇಲೆ ಎರಡು ಸಲ ಕೈಯಿಟ್ಟು ತೆಗೆದು, ಇಳಿದು, ಆ ವಯಸ್ಸಿನಲ್ಲಿ ಓಡಬಾರದ ಹಾಗೆ ಓಡಿದ.

ಎದುರಿನ ಬಸ್ಸಿನ ಬಾಗಿಲು ಅವನನ್ನು ಒಳಗೆ ಬಿಟ್ಟುಕೊಂಡು ಮುಚ್ಚಿತು.

"ಹತ್ತಿದ!" ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ಎಲ್ಲರೂ ಒಮ್ಮೆಲೇ ಎದ್ದರು.

ನೋಲಾ ತಳ್ಳುಗಾಡಿ ಎಳೆಯುತ್ತ ಮುಂದೆ ಬಂದಳು. "ಏನೇ, ಅಳ್ತಿದ್ದೀಯಾ?"

"ಇಲ್ಲ. ನೀವೆಲ್ಲ ನನ್ನ ಮೇಲೆ ಸಿಟ್ಟಾಗಿದ್ದೀರಿ ಅಂದ್ಕೊಂಡಿದ್ದೆ."

"ನಿನ್ನ ಮೇಲೆ ಸಿಟ್ಟು ನಂಗೆ ದಿನಾ ಇರುತ್ತೆ. ಬ್ರೇಕ್ ಹಾಕೋದು ಹಾಗಾ? ಥ್ಯಾಂಕ್ಸ್ ಅಂದೋರನ್ನ ತಾನೇ ಇವಳು ಹಿಡಿಯೋದು? ಯಾರೂ ಬಾಯಿ ಬಿಡಬೇಡಿ, ಕ್ಲೆಮ್ ಬಸ್ ಹಿಡೀಲಿ ಅಂದೆ. ಆ ಅಂಚೆ ಕಚೇರಿಯೋನು ಇನ್ನೇನು ಅಂದೇಬಿಡ್ತಿದ್ದ, ನಾನು ಹಿಂದಿಂದ ಬಂದು ಗಾಡೀಲಿ ಕಾಲಿಗೆ ತಿವಿದೆ."

ಇಮೊಜೆನ್ ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನೇ ನೋಡುತ್ತಿದ್ದಳು. "ಐದನೇ ಸ್ಟಾಪಿಂದ ಇಲ್ಲೀವರೆಗೆ ಸೊನ್ನೆ" ಎಂದಳು ಮೆಲ್ಲಗೆ. "ಈ ಎರಡು ವಾರದಲ್ಲಿ ಇಷ್ಟು ಕಡಿಮೆ ಬಂದಿರಲಿಲ್ಲ. ಇದನ್ನ ಎಲ್ಲಿ ಬರೀಲಿ? ಇದಕ್ಕೆ ಜಾಗವೇ ಇಲ್ವಲ್ಲ."

"ಸೊನ್ನೆ ಅಂತಾನೇ ಬರ್ಕೊಳ್ಳಿ. ಸತ್ಯ ತಾನೇ?" ಎಂದಳು ರೇಲೀನ್.

"ಸತ್ಯ. ಆದ್ರೆ ಓದಿದವರು ನಿಮ್ಮೂರಿನವರನ್ನ ಕಲ್ಲುಮನಸ್ಸಿನವರು ಅಂದ್ಕೋತಾರೆ."

"ಅಂದ್ಕೊಳ್ಳಲಿ ಬಿಡಿ" ಎಂದಳು ನೋಲಾ. "ಬಾಯಿ ಮುಚ್ಕೊಂಡು ಕೂತು ನಂಗೆ ದವಡೆ ನೋವು ಬಂದಿದೆ."

ಇಮೊಜೆನ್ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಕ್ಲೆಮ್‌ನ ಬಸ್ಸು ಸೇತುವೆಯ ಕಡೆ ತಿರುಗುವುದನ್ನು ನೋಡಿದಳು. ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು. "ನಾಳೆಯಿಂದ ಕೆಳಗೆ, ನಿಲ್ದಾಣದಲ್ಲೇ ನಿಂತು ಕೇಳ್ತೀನಿ. ಇಳಿದು ಆದ ಮೇಲೆ" ಎಂದು ಮೆಟ್ಟಿಲಿಗೆ ಬಂದವಳು, ಊರಿನ ಅಭ್ಯಾಸ ಬಲದಿಂದ ತಿರುಗಿ, "ಥ್ಯಾಂಕ್ಸ್, ರೇಲೀನ್" ಎಂದಳು.

"ಹತ್ತಕ್ಕೆ ಎಷ್ಟು?" ಎಂದಳು ರೇಲೀನ್.

ಇಮೊಜೆನ್ ಗಂಭೀರವಾಗಿ ಯೋಚಿಸುತ್ತ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. "ಹೇಳೋ ಮುಂಚೆ ನಾಲ್ಕಿತ್ತು. ಈಗ..."

"ಅಯ್ಯೋ ದೇವರೇ, ಇಳೀರಿ ತಾಯಿ!" ಎಂದಿತು ಹಿಂದಿದ್ದ ಇಡೀ ಸಾಲು.