ಏಳನೆಯ ಪಟ್ಟಿ

ಪರದೆ ಹೊಲಿಯುವ ಆ ಕಾರ್ಖಾನೆಯಲ್ಲಿ ಕತ್ತರಿಯಕ್ಕನದು ಇಪ್ಪತ್ತೆರಡು ವರ್ಷದ ದರ್ಬಾರು. ಅವಳು ಸೀಮೆಸುಣ್ಣದ ಗೆರೆ ಎಳೆಯದೆ ಒಂದು ಗೇಣು ಬಟ್ಟೆಯೂ ತುಂಡಾಗುತ್ತಿರಲಿಲ್ಲ. ಅಂಥವಳಿಗೆ ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಹತ್ತಿಕೊಂಡಿತು ಅಂದರೆ, ನಗುವವರು ನಗಲಿ, ಹತ್ತಿಕೊಂಡದ್ದಂತೂ ನಿಜ.

ಕಾರಣ, ಹೊಸದಾಗಿ ಸೇರಿದ ಹೊಲಿಗೆಯವಳು. ಮುಸ್ಲಿಂ ಹೆಂಗಸು, ತಲೆಗೆ ಬೂದು ಬಣ್ಣದ ವಸ್ತ್ರ, ಮಾತು ಕಡಿಮೆ. ಬಂದ ತಿಂಗಳಲ್ಲೇ ಕಿಟಕಿ ಪಕ್ಕದ ಸ್ಟೂಲು ಅವಳದಾಯಿತು. ಯಜಮಾನ ಅವಳ ಹೊಲಿಗೆಯನ್ನು ಬೆಳಕಿಗೆ ಹಿಡಿದು, "ದಾರ ಎಲ್ಲಿದೆ ಇದರಲ್ಲಿ?" ಅಂತ ಎಲ್ಲರಿಗೂ ತೋರಿಸಿದ. ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಇಷ್ಟು ವರ್ಷ ಕತ್ತರಿಯಕ್ಕನ ಜೊತೆ ಒಂದೇ ಫ್ಲಾಸ್ಕಿನ ಚಹಾ ಕುಡಿದ ಗುಂಡಿಯಜ್ಜಿ, ಗುಂಡಿ ಹೊಲಿಯುವ ಆ ಹಲ್ಲಿಲ್ಲದ ಮುದುಕಿ, ಈಗ ಮೊದಲ ಲೋಟ ಈ ಹೊಸಬಳಿಗೆ ಕೊಡುತ್ತಿದ್ದಳು. ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಕತ್ತರಿಯಕ್ಕ ಮೊಸರಲ್ಲಿ ಕಲ್ಲು ಹುಡುಕಿದಳು, ಸಿಗಲಿಲ್ಲ. ಹೊಲಿಗೆಯಲ್ಲಿ ತಪ್ಪಿಲ್ಲ, ಹೊತ್ತಿಗೆ ಸರಿಯಾಗಿ ಬರುತ್ತಾಳೆ, ಮಧ್ಯಾಹ್ನ ಬಟ್ಟೆ ಸುರುಳಿಗಳ ಹಿಂದೆ ಹತ್ತು ನಿಮಿಷ ನಮಾಜು ಮಾಡಿದರೆ ಊಟದ ಹೊತ್ತಿನಿಂದಲೇ ಅದನ್ನು ಕಳೆಯುತ್ತಾಳೆ. ಆಗ ಕತ್ತರಿಯಕ್ಕನ ನಾಲಿಗೆ ಸುಲಭದ ದಾರಿ ಹಿಡಿಯಿತು.

"ನೋಡೋಕೆ ಸಾಧು. ಆದ್ರೆ ಆ ಜನಾನ ನಂಬೋಕಾಗಲ್ಲ ಸಾರ್," ಅಂದಳು ಯಜಮಾನನ ಕಿವಿಯಲ್ಲಿ. "ಇಲ್ಲಿದ್ರೂ ಅವರ ಮನಸ್ಸು ಇಲ್ಲಿರಲ್ಲ."

ಅವಳಿಗೇ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಆದರೆ 'ನನಗೆ ಹೊಟ್ಟೆ ಉರಿಯುತ್ತಿದೆ' ಅನ್ನುವುದಕ್ಕಿಂತ ಅದನ್ನು ಹೇಳುವುದು ಸಲೀಸು, ಕೇಳುವವರೂ ತಲೆಯಾಡಿಸುತ್ತಾರೆ. ನಾಲಿಗೆಗೆ ಎಲುಬಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಆ ವಾರ ನಾಟಕಮಂದಿರದ ಪರದೆಯ ಆರ್ಡರು ಬಂತು. ಕೆಂಪು ಮಖಮಲ್, ಉದ್ದುದ್ದ ಕತ್ತರಿಸಿ ಒಂದಕ್ಕೊಂದು ಜೋಡಿಸಬೇಕಾದ ಹನ್ನೆರಡು ಪಟ್ಟಿ. ಮಖಮಲ್ಲು ಬೆಕ್ಕಿನ ಮೈಯಿದ್ದ ಹಾಗೆ: ಒಂದು ಕಡೆಗೆ ಸವರಿದರೆ ನುಣುಪು, ಎದುರಿಗೆ ಸವರಿದರೆ ಒರಟು. ಎಲ್ಲ ಪಟ್ಟಿಯ ರೋಮವೂ ಒಂದೇ ದಿಕ್ಕಿಗೆ ಇರಬೇಕು, ಇಲ್ಲದಿದ್ದರೆ ಬೆಳಕಲ್ಲಿ ಬಣ್ಣವೇ ಬೇರೆ ಕಾಣುತ್ತದೆ. ಅದಕ್ಕೇ ಕತ್ತರಿಯಕ್ಕ ಪ್ರತಿ ಪಟ್ಟಿಯ ಹಿಂಭಾಗದಲ್ಲಿ ಬಾಲ ಸುರುಳಿಯಾದ ಒಂದು ಬಾಣ ಬರೆಯುತ್ತಿದ್ದಳು. ಆ ಬಾಣ ಈ ಊರಲ್ಲಿ ಇನ್ನಾರೂ ಬರೆಯುವುದಿಲ್ಲ. ಏಳನೆಯ ಪಟ್ಟಿ ಕತ್ತರಿಸುವಾಗ ಕಿಟಕಿ ಹತ್ತಿರ ಅಜ್ಜಿಯೂ ಹೊಲಿಗೆಯವಳೂ ಏನಕ್ಕೋ ಕಿಸಕ್ಕನೆ ನಕ್ಕರು. ಕತ್ತರಿಯಕ್ಕನ ಕಣ್ಣು ಅಲ್ಲಿ, ಕೈ ಇಲ್ಲಿ. ಬಾಣ ತಲೆಕೆಳಗಾಯಿತು.

ಮಧ್ಯಾಹ್ನ ಹೊಲಿಗೆಯವಳು ಆ ಪಟ್ಟಿಯನ್ನು ಎತ್ತಿಕೊಂಡು ಬಂದಳು. "ಅಕ್ಕಾ, ಇದನ್ನ ಒಂದ್ಸಲ ಕೈಯಲ್ಲಿ ಸವರಿ ನೋಡ್ತೀರಾ?"

"ನೀನು ಹುಟ್ಟೋಕೆ ಮುಂಚೆ ಕತ್ತರಿ ಹಿಡಿದೋಳು ನಾನು. ಕೊಟ್ಟದ್ದನ್ನ ಹೊಲಿ, ಹೋಗು!"

ಹೊಲಿದಳು. ಎರಡು ದಿನ ಬಿಟ್ಟು ಯಜಮಾನ ನಾಟಕಮಂದಿರದಿಂದ ಪರದೆಯನ್ನೇ ಹೊತ್ತು ತಂದು ಮೇಜಿನ ಮೇಲೆ ಒಗೆದ. ದೀಪ ಹಾಕಿದೊಡನೆ ಏಳನೆಯ ಪಟ್ಟಿ ಮಾತ್ರ ಕಪ್ಪಗೆ ಕಂಡಿತಂತೆ.

"ಜೋಡಿಸೋವಾಗ ಕಣ್ಣೆಲ್ಲಿತ್ತು?" ಅಂತ ಹೊಲಿಗೆಯವಳ ಮೇಲೆ ಹರಿಹಾಯ್ದ. "ಅಕ್ಕ ಅವತ್ತೇ ಹೇಳಿದ್ಲು, ನಿಮ್ಮ ಜನದ ಮನಸ್ಸು ಇಲ್ಲಿರಲ್ಲ ಅಂತ. ನಾಳೆಯಿಂದ ಬರಬೇಡ."

"ನಾನು ಕೇಳಿದ್ದೆ ಸಾರ್. ಅಕ್ಕ ಬೈದು ಕಳಿಸಿದ್ರು."

ಎಲ್ಲರೂ ಕತ್ತರಿಯಕ್ಕನ ಕಡೆ ತಿರುಗಿದರು. ಒಂದೇ ಮಾತು ಸಾಕಿತ್ತು. ಅವಳು ಕತ್ತರಿಯನ್ನು ಒರೆಸುತ್ತ, "ನಂಗೆ ನೆನಪಿಲ್ಲ," ಅಂದಳು.

ಹೊಲಿಗೆಯವಳು ಅಳಲಿಲ್ಲ. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ್ದ ಲೋಹದ ಟೋಪಿ ಕಳಚಿ ಚೀಲಕ್ಕೆ ಹಾಕಿಕೊಂಡು ನೇರ ಕತ್ತರಿಯಕ್ಕನ ಎದುರಿಗೆ ಬಂದು ನಿಂತಳು. "ನನ್ನ ಕೆಲಸ ನೋಡಿ ಹೊಟ್ಟೆ ಉರಿದ್ರೆ ನನ್ನನ್ನ ಬಯ್ಯಿ ಅಕ್ಕಾ, ತಡ್ಕೋತೀನಿ. ನಮ್ಮ ಜನಾನೆಲ್ಲ ಯಾಕೆ ಎಳೀತೀರಾ? ನಾನೂ ಈ ಊರೋಳೇ. ನನ್ನ ಮಗಳು ಇದೇ ಬೀದಿ ಶಾಲೆಗೆ ಹೋಗ್ತಾಳೆ. ನೀವು ಇಲ್ಲಿ ಆಡಿದ್ದು ನಾಳೆ ಅವಳ ಬೆಂಚಿನ ಹತ್ರ ಹೋಗಿ ಕೂತ್ಕೊಳ್ಳುತ್ತೆ."

ಬಾಗಿಲು ದಾಟಿ ಹೋದಳು. ಗುಂಡಿಯಜ್ಜಿ ಚಹಾ ಬಗ್ಗಿಸಲಿಲ್ಲ, ಯಾರಿಗೂ.

ಏಳನೆಯ ಪಟ್ಟಿ ಬಿಚ್ಚುವ ಕೆಲಸ ಕತ್ತರಿಯಕ್ಕನಿಗೇ ಬಿತ್ತು. ಒಂದಾದರೂ ಕೆಟ್ಟ ಹೊಲಿಗೆ ಸಿಗಲಿ ದೇವರೇ, ಅಂದುಕೊಂಡೇ ಕೂತಳು. ಒಂದು ಸಿಕ್ಕರೂ ಸಾಕು, ಮನಸ್ಸಿಗೆ ಸಮಾಧಾನ. ಮೊಳದ ಮೇಲೆ ಮೊಳ ಬಿಚ್ಚಿದಳು, ಸಿಗಲಿಲ್ಲ. ಅಬ್ಬಾ, ಏನು ಕೈ ಅದು! ಇಂಥ ಕೈ ನನಗೆ ಯಾಕಿಲ್ಲ ಅಂತ ಕಣ್ಣಲ್ಲಿ ನೀರು ಬಂತು. ಕೊನೆಗೆ ತನ್ನ ಬಾಣ ಸಿಕ್ಕಿತು, ತಲೆಕೆಳಗಾಗಿ. ಅದರ ಪಕ್ಕ ಬಿಳಿ ದಾರದಲ್ಲಿ ಒಂದು ಸಣ್ಣ ಗುರುತು: ರೋಮದ ನಿಜವಾದ ದಿಕ್ಕು ಮುಂದೆ ಬಿಚ್ಚುವವರಿಗೆ ತಿಳಿಯಲಿ ಅಂತ ಹೊಲಿಗೆಯವಳು ಹಾಕಿಟ್ಟದ್ದು. ಅವತ್ತು ಬೈಸಿಕೊಂಡು ಹೋಗಿ ಹೊಲಿಯುವಾಗಲೂ ಹಾಕಿದ್ದಳು.

ಪಟ್ಟಿಯನ್ನು ಎಳೆದುಕೊಂಡೇ ಯಜಮಾನನ ಕೋಣೆಗೆ ನುಗ್ಗಿದಳು.

"ಬಾಣ ನಂದು. ತಪ್ಪು ನಂದು. ಅವಳು ಕೇಳಿದ್ದೂ ನಿಜ, ನಾನು ಬೈದಿದ್ದೂ ನಿಜ. ಆ ಜನ ಈ ಜನ ಅಂದಿದ್ದೆಲ್ಲ ನನ್ನ ಹೊಟ್ಟೆಕಿಚ್ಚು ಸಾರ್."

"ನಿಂಗೆ ಹೊಟ್ಟೆಕಿಚ್ಚಾ?" ಯಜಮಾನ ಬಾಯಿ ಬಿಟ್ಟ.

"ಹೌದು. ನಿಮಗೆ ಇರಲಿಲ್ಲವಲ್ಲ, ನೀವ್ಯಾಕೆ ನಂಬಿದ್ರಿ?"

ಯಜಮಾನ ಹೊಲಿಗೆಯವಳನ್ನು ವಾಪಸು ಕರೆಯಲು ಫೋನು ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಹೊಲಿಗೆಯವಳು ಬಂದಳು. ನಗಲಿಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಕತ್ತರಿಯಕ್ಕ ಹೊಸ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಹೋದಳು.

"ಸವರಿ ನೋಡು," ಅಂದಳು. "ಸರಿ ಇದೆಯಾ?"

ಹೊಲಿಗೆಯವಳು ಅಂಗೈ ಇಟ್ಟು ನಿಧಾನ ಸವರಿದಳು. "ಇದೆ."

"ಹೊಟ್ಟೆ ಇನ್ನೂ ಉರಿಯುತ್ತೆ ಕಣೇ, ಸುಳ್ಳು ಹೇಳಲ್ಲ."

"ಉರೀಲಿ," ಅಂದಳು ಹೊಲಿಗೆಯವಳು, ಸೂಜಿಗೆ ದಾರ ಪೋಣಿಸುತ್ತ. "ನನ್ನ ಹೆಸರಲ್ಲೇ ಉರೀಲಿ."